ಅಪ್‌ಡೇಟ್: ಕ್ಯಾಲ್ಕುಲಸ್ ಬಿಡಲಿಲ್ಲ

ಹೋದ ತಿಂಗಳು ಕೇಳಿದ್ದೆ: ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಲ್ಲಿ ಎಫ್-1 ವೀಸಾದಲ್ಲಿ (ವಿದ್ಯಾರ್ಥಿ ವೀಸಾ) ಓದುತ್ತಿದ್ದೇನೆ, ಕ್ಯಾಲ್ಕುಲಸ್ ತಲೆಗೆ ಹತ್ತುತ್ತಿಲ್ಲ, ಬಿಟ್ಟುಬಿಡಲಾ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಮೊದಲು ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಆಫೀಸಿಗೆ ಹೋಗು ಅಂದಿರಲ್ಲ, ಅದೇ ನನ್ನನ್ನು ಉಳಿಸಿತು. ಪ್ರತಿ ಕೋರ್ಸಿಗೂ ಇಷ್ಟು ಯೂನಿಟ್ ಅಂತ ಲೆಕ್ಕ ಇರುತ್ತದೆ, ನಾನು ತಗೊಂಡಿರುವುದೇ ಒಟ್ಟು 12 ಯೂನಿಟ್. ಅವರ ಅನುಮತಿ ಇಲ್ಲದೆ ಅದಕ್ಕಿಂತ ಕಡಿಮೆ ಮಾಡಿದ್ದರೆ ವೀಸಾ ಸ್ಟೇಟಸ್ಸಿಗೇ ಕುತ್ತು ಬರುತ್ತಿತ್ತು. ಡ್ರಾಪ್ ಬಟನ್ ಒತ್ತುವುದೊಂದೇ ಬಾಕಿ ಇತ್ತು! ನೆನೆಸಿಕೊಂಡರೆ ಈಗಲೂ ಎದೆ ಧಸಕ್ ಅನ್ನುತ್ತದೆ.

ಅಲ್ಲಿಂದಲೇ ಟ್ಯೂಟರಿಂಗ್ ಸೆಂಟರಿಗೆ ಕಳಿಸಿದರು. ಪೂರ್ತಿ ಉಚಿತ. ಅಲ್ಲಿನ ಟ್ಯೂಟರ್ ಮೊಮ್ಮಕ್ಕಳಿರುವ ಅಜ್ಜಿ, ಅವರೂ ಅಲ್ಲೇ ಓದುತ್ತಿದ್ದಾರೆ. ಚೈನ್ ರೂಲ್ (ಒಂದು ಫಂಕ್ಷನ್ ಒಳಗೆ ಇನ್ನೊಂದು ಇದ್ದಾಗ ಬಳಸುವ ಕ್ಯಾಲ್ಕುಲಸ್ ನಿಯಮ) ಅಂದರೆ ಈರುಳ್ಳಿ ಸುಲಿದ ಹಾಗೆ, ಹೊರಗಿನ ಪದರ ಮೊದಲು, ಒಳಗಿನದು ಆಮೇಲೆ ಅಂತ ಪೆನ್ಸಿಲಲ್ಲಿ ಒಂದರೊಳಗೊಂದು ಸುತ್ತು ಬರೆದು ತೋರಿಸಿದರು. ಎರಡನೇ ಟೆಸ್ಟಲ್ಲಿ 41 ಇದ್ದದ್ದು ಮೂರನೆಯದರಲ್ಲಿ 73 ಆಯಿತು.

ಕಾಲೇಜಿನ ಫುಡ್ ಪ್ಯಾಂಟ್ರಿಗೆ (ವಿದ್ಯಾರ್ಥಿಗಳಿಗೆ ಉಚಿತವಾಗಿ ದಿನಸಿ ಕೊಡುವ ಜಾಗ) ಹೋಗಲು ನಾಚಿಕೆ ಅಂತಲೂ ಬರೆದಿದ್ದೆ ಅಲ್ವಾ? ಹೋದೆ. ಐಡಿ ಕಾರ್ಡ್ ತೋರಿಸಿದೆ, ಜಾಸ್ತಿ ಏನೂ ಕೇಳಲಿಲ್ಲ. ಅಕ್ಕಿ, ಕಡಲೆಕಾಳು, ಮೊಟ್ಟೆ ಸಿಕ್ಕಿದವು. ಅವತ್ತು ರಾತ್ರಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ, ಒಲೆ ಮೇಲೆ ಕುದಿಯುತ್ತಿದ್ದ ಕಡಲೆಕಾಳು ಸಾರು ತೋರಿಸಿದೆ.