ಪದ ಬೇಕಿತ್ತು: 'ಸಂಧಾನ'ವೋ 'ಮಾತುಕತೆ'ಯೋ? (ನಾಳೆಗೇ ಬೇಕು)

> ನಮ್ಮ ಶಾಲೆಯ ವಸ್ತುಪ್ರದರ್ಶನಕ್ಕೆ ಭಾರತ-ಪಾಕಿಸ್ತಾನದ ಬಗ್ಗೆ ನಾಲ್ಕು ಬೋರ್ಡು ಮಾಡಿಸುತ್ತಿದ್ದೇವೆ. ತಾಷ್ಕೆಂಟ್ ಒಪ್ಪಂದ, ಶಿಮ್ಲಾ ಒಪ್ಪಂದ, ಲಾಹೋರ್ ಒಪ್ಪಂದ, ಆಗ್ರಾ ಒಪ್ಪಂದ. ನಾಲ್ಕಕ್ಕೂ ಸೇರಿ ಮೇಲೆ 'ಸಂಧಾನದ ಹಾದಿ' ಅಂತ ತಲೆಬರಹ. ಸರಿಯಾ? ಫ್ಲೆಕ್ಸ್‌ನವರಿಗೆ ನಾಳೆ ಬೆಳಿಗ್ಗೆ ಹತ್ತಕ್ಕೆ ಕೊಡಬೇಕು.

ಟೀಚರ್, 'ಸಂಧಾನ' ಬೇಡ. 'ಮಾತುಕತೆಯ ಹಾದಿ' ಅಂತ ಮಾಡಿ. ನಾಲ್ಕನೇ ಬೋರ್ಡನ್ನಂತೂ ಈಗಲೇ ತಿದ್ದಿ, ಆಗ್ರಾದಲ್ಲಿ ಒಪ್ಪಂದ ಆಗಲೇ ಇಲ್ಲ. ಅವಸರ ಇದ್ದರೆ ಇಷ್ಟು ಸಾಕು. ಕಾರಣ ಕೆಳಗೆ ಬರೆದಿದ್ದೇನೆ, ಸ್ವಲ್ಪ ಉದ್ದ ಆಗಿದೆ.

ನಮ್ಮ ಕಡೆ 'ಸಂಧಾನ' ಅಂದ ಕೂಡಲೇ ನೆನಪಾಗುವುದು 'ಕೃಷ್ಣ ಸಂಧಾನ'. ಮಳೆಗಾಲದಲ್ಲಿ ತಾಳಮದ್ದಳೆ ಕೂತು ಕೇಳಿದವರಿಗೆ ಹೇಳಬೇಕಾಗಿಲ್ಲ. ಪಾಂಡವರು ಹಸ್ತಿನಾವತಿಗೆ ಬರುವುದಿಲ್ಲ, ಕೌರವ ಅವರ ಹತ್ತಿರ ಹೋಗುವುದಿಲ್ಲ. ನಡುವೆ ಓಡಾಡುವವನು ಕೃಷ್ಣ. ಐದು ಊರಾದರೂ ಕೊಡು ಅನ್ನುತ್ತಾನೆ, ಸೂಜಿಮೊನೆಯಷ್ಟೂ ಇಲ್ಲ ಅಂತ ಕೌರವ ಅನ್ನುತ್ತಾನೆ. ಎದುರಾಳಿಗಳು ಮುಖಾಮುಖಿ ಕೂರುವುದೇ ಇಲ್ಲ. ಪೇಪರಿನಲ್ಲಿ ಪಕ್ಷದ ಎರಡು ಬಣ ಮುನಿಸಿಕೊಂಡಾಗಲೂ ನೋಡಿ, 'ಸಂಧಾನಕಾರ' ಅಂತ ಒಬ್ಬ ಇದ್ದೇ ಇರುತ್ತಾನೆ. ಸಂಧಾನಕ್ಕೆ ನಡುವೆ ಒಬ್ಬ ಬೇಕು.

ನನಗೆ ಈ ವ್ಯತ್ಯಾಸ ಕಲಿಸಿದ್ದು ನಮ್ಮ ಅಜ್ಜಿ. ತೋಟದ ತೋಡಿನ ವಿಷಯದಲ್ಲಿ ಅಪ್ಪನಿಗೂ ದೊಡ್ಡಪ್ಪನಿಗೂ ಕೆಲವು ವರ್ಷ ಮಾತಿರಲಿಲ್ಲ. ಊರಿನ ಹಿರಿಯರೊಬ್ಬರು ಆ ಮನೆ ಈ ಮನೆ ಅಂತ ಅಲೆಯುತ್ತಿದ್ದರು. ಅವರು ಮೆಟ್ಟಿಲು ಹತ್ತಿದರೆ ಅಜ್ಜಿ "ಸಂಧಾನಕ್ಕೆ ಬಂದಿದ್ದಾರೆ" ಅನ್ನುತ್ತಿದ್ದರು. ಆಮೇಲೆ ಒಂದು ದಿನ ದೊಡ್ಡಪ್ಪನೇ ಬಂದು ಜಗಲಿಯಲ್ಲಿ ಕೂತರು. ಅಜ್ಜಿ ಬೆಲ್ಲ, ನೀರು ತಂದಿಟ್ಟು ನಮ್ಮನ್ನು ಒಳಗೆ ಅಟ್ಟಿದರು. "ಗಲಾಟೆ ಮಾಡ್ಬೇಡಿ, ಮಾತುಕತೆ ಆಗ್ತಾ ಉಂಟು." ಜಗಳ ಅದೇ, ತೋಡು ಅದೇ. ಪದ ಮಾತ್ರ ಬದಲಾಯಿತು, ಯಾಕೆಂದರೆ ನಡುವಿನವರು ಇರಲಿಲ್ಲ.

ಇದನ್ನು ಶಿಮ್ಲಾಕ್ಕೆ ಹಚ್ಚಿ ನೋಡಿ. 1972ರ ಜುಲೈ 2ರಂದು ಇಂದಿರಾ ಗಾಂಧಿ ಮತ್ತು ಭುಟ್ಟೊ ಮಾಡಿಕೊಂಡ ಒಪ್ಪಂದದ ತಿರುಳೇ ಅದು. ತಕರಾರುಗಳನ್ನು ಇಬ್ಬರೇ ಕೂತು ಮಾತಾಡಿ ಬಗೆಹರಿಸಿಕೊಳ್ಳಬೇಕು, ಇಲ್ಲವೇ ಇಬ್ಬರೂ ಒಪ್ಪಿದ ಬೇರೆ ಶಾಂತಿಯ ದಾರಿ ಹಿಡಿಯಬೇಕು. ಅಂದಿನಿಂದ ಭಾರತ ಮೂರನೆಯವರು ಬೇಡ ಅನ್ನುತ್ತಲೇ ಬಂದಿದೆ. ಆ ಬೋರ್ಡಿನ ಮೇಲೆ 'ಸಂಧಾನ' ಅಂತ ಬರೆದರೆ ಒಪ್ಪಂದದ ಮುಖ್ಯ ಮಾತನ್ನೇ ಅಳಿಸಿದ ಹಾಗೆ. ಮಕ್ಕಳು ಓದುವ ಬೋರ್ಡು ಟೀಚರ್, ಅವರು ಅದನ್ನೇ ನಂಬುತ್ತಾರೆ.

ತಾಷ್ಕೆಂಟ್ ಬೇರೆ. ಅಲ್ಲಿ ಶಾಸ್ತ್ರಿ ಮತ್ತು ಅಯೂಬ್ ಖಾನ್ ನಡುವೆ ಸೋವಿಯತ್ ಪ್ರಧಾನಿ ಕೊಸಿಗಿನ್ ಇದ್ದರು. 1966ರ ಜನವರಿ 10ರಂದು ಸಹಿ ಬಿತ್ತು, ಬೆಳಗಾಗುವುದರೊಳಗೆ ಶಾಸ್ತ್ರಿಯವರು ತೀರಿಕೊಂಡರು. ಆ ಬೋರ್ಡಿನ ಒಳಗೆ ಬೇಕಾದರೆ 'ಮಧ್ಯಸ್ಥಿಕೆ' ಅಂತ ಹಾಕಿ. ನಾಲ್ಕಕ್ಕೂ ಹೊಂದುವ ತಲೆಬರಹ 'ಮಾತುಕತೆ' ಮಾತ್ರ.

> ಕೃಷ್ಣ ಮಧ್ಯಸ್ಥನಲ್ಲ, ಪಾಂಡವರ ಕಡೆಯವನು. ನಿಮ್ಮ ವಾದ ಬಿತ್ತು.

ಬೀಳಲಿಲ್ಲ. ಮಧ್ಯಸ್ಥ ಯಾರ ಕಡೆಯೂ ಅಲ್ಲ, ಸಂಧಾನಕ್ಕೆ ಹೋಗುವವನು ಒಂದು ಕಡೆಯವನೂ ಆಗಿರಬಹುದು. ಎರಡರಲ್ಲೂ ಓಡಾಡುವವನು ಒಬ್ಬ ಇದ್ದಾನೆ, ನಾನು ಹೇಳಿದ್ದು ಅಷ್ಟೇ.

> ಸಂಧಾನ, ಶಾಂತಿ, ಘೋಷಣೆ ಎಲ್ಲ ಸಂಸ್ಕೃತ. ಮಾತುಕತೆಯಲ್ಲಿ 'ಕತೆ'ಯೂ ಸಂಸ್ಕೃತವೇ. 'ಹೊಂದಾಣಿಕೆ ಮಾತು' ಅನ್ನಿ. ಕದನ ವಿರಾಮಕ್ಕೆ 'ಕಾಳಗನಿಲುಗಡೆ'. ಮುಗಿಯಿತು.

ಮಾಷ್ಟ್ರೇ, ಮುಗಿಯಲಿಲ್ಲ. ಹೊಂದಾಣಿಕೆ ಮಾತಿನ ಕೊನೆಗೆ ಬರುವಂಥದ್ದು, ಬಂದರೆ. ಆಗ್ರಾದಲ್ಲಿ 2001ರ ಜುಲೈ 14ರಿಂದ 16ರವರೆಗೆ ವಾಜಪೇಯಿ ಮತ್ತು ಮುಷರಫ್ ಮಾತಾಡಿದ್ದೇ ಮಾತಾಡಿದ್ದು, ಒಂದು ಜಂಟಿ ಹೇಳಿಕೆ ಕೂಡ ಹೊರಗೆ ಬರಲಿಲ್ಲ. ಅದು ಯಾವ ಹೊಂದಾಣಿಕೆ? ಮಾತುಕತೆ ಅಂದರೆ ಫಲ ಏನಾಗುತ್ತದೆ ಅಂತ ಪದವೇ ಮೊದಲು ಹೇಳಿಬಿಡುವುದಿಲ್ಲ. ಮದುವೆ ಮಾತುಕತೆ ಮುರಿದುಬೀಳುವುದೂ ಉಂಟಲ್ವಾ.

'ಕತೆ' ಸಂಸ್ಕೃತದಿಂದ ಬಂದದ್ದು ಹೌದು. ಬಂದು ಎಷ್ಟು ಕಾಲವಾಯಿತು? ತುಳುವಿನಲ್ಲೂ ಪಾತೆರಕತೆ ಅನ್ನುತ್ತೇವೆ, ಅಚ್ಚು ಅದೇ. ತುಳು ಬಾಯಿಗೂ ಕನ್ನಡ ಬಾಯಿಗೂ ಒಗ್ಗಿದ ಮೇಲೆ ಅದು ನಮ್ಮದೇ. 'ಕಾಳಗನಿಲುಗಡೆ'ಯನ್ನು ನಾನು ಈವರೆಗೆ ಯಾರ ಬಾಯಲ್ಲೂ ಕೇಳಿಲ್ಲ.

ಹೊರಗಿನದ್ದನ್ನು ಗುಡಿಸಿ ಹಾಕುವುದಾದರೆ ಜಗಳ ಬಿಡಿಸುವ ನಮ್ಮ ಪದಗಳಲ್ಲಿ ಉಳಿಯುವುದು ಎಷ್ಟು? ರಾಜಿ ಅರಬ್ಬಿಯಿಂದ ಬಂತು. ಕರಾರೂ ಅಲ್ಲಿಂದಲೇ. ತಕರಾರೂ ಅಲ್ಲಿಂದಲೇ, ಆದರೆ ಬೇರೆ ಮೂಲ, ಅದಕ್ಕೆ ಮೊದಲು 'ಮತ್ತೆ ಮತ್ತೆ ಹೇಳುವುದು' ಅಂತ ಅರ್ಥ. (ಕರಾರಿಗೆ 'ತ' ಸೇರಿ ತಕರಾರು ಆಯಿತು ಅಂತ ಹೋದ ತಿಂಗಳು ಇಲ್ಲಿ ಬರೆದವರು ದಯವಿಟ್ಟು ಗಮನಿಸಿ.) ಇವತ್ತು ಕೋರ್ಟಿಗೆ ಹೋಗುವ ವಕೀಲ, ಟಿಪ್ಪುವಿನ ಕಾಲದಲ್ಲಿ ಒಂದು ದರ್ಬಾರಿನ ಪರವಾಗಿ ಇನ್ನೊಂದಕ್ಕೆ ಮಾತಾಡಲು ಹೋಗುತ್ತಿದ್ದವನು. ಈ ಪದಗಳು ನಮ್ಮ ಊರಿನ ಮಣ್ಣಲ್ಲೇ ಓಡಾಡಿವೆ. 1784ರ ಮಾರ್ಚ್ 11ರಂದು ಟಿಪ್ಪುವಿಗೂ ಈಸ್ಟ್ ಇಂಡಿಯಾ ಕಂಪನಿಗೂ ಒಪ್ಪಂದ ಆದದ್ದು ಮಂಗಳೂರಲ್ಲೇ ಅಲ್ವಾ? ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ, ನಡುವೆ 1783ರ ಆಗಸ್ಟ್‌ನಲ್ಲಿ ಕದನ ವಿರಾಮ, ಕೊನೆಗೆ ಕಂಪನಿಯವರು ಮದರಾಸಿನಿಂದ ಇಲ್ಲಿಗೇ ಬರಬೇಕಾಯಿತು. ಗೆದ್ದ ಜಾಗ ಇಬ್ಬರೂ ಹಿಂದಕ್ಕೆ ಕೊಟ್ಟರು, ಕೈದಿಗಳನ್ನು ಬಿಟ್ಟರು. ಟೀಚರ್, ಜಾಗ ಇದ್ದರೆ ಐದನೇ ಬೋರ್ಡು ಅದೇ ಆಗಲಿ. ನಮ್ಮ ಮಕ್ಕಳಿಗೆ ತಾಷ್ಕೆಂಟ್ ಗೊತ್ತಿದ್ದು ಮಂಗಳೂರು ಗೊತ್ತಿಲ್ಲದಿದ್ದರೆ ನನಗೆ ಬೇಸರವಾಗುತ್ತದೆ.

> ಕದನ ವಿರಾಮ ಅಂದರೂ ಶಾಂತಿ ಒಪ್ಪಂದ ಅಂದರೂ ಒಂದೇ. ಸುಮ್ನೆ ಎಳೆಯಬೇಡಿ.

ಒಂದೇ ಅಲ್ಲ. ಕೊರಿಯಾದಲ್ಲಿ 1953ರ ಜುಲೈ 27ರಂದು ಪನ್ಮುಂಜೊಮ್‌ನಲ್ಲಿ ಸಹಿಯಾದದ್ದು ಕದನ ವಿರಾಮ. ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲ. ಈ ಪದ ನನಗೆ ಬಹಳ ಇಷ್ಟ. ಶಾಲೆಯಲ್ಲಿ ವಿರಾಮ ಅಂದರೆ ಮತ್ತೆ ಗಂಟೆ ಹೊಡೆಯುತ್ತದೆ ಅಂತಲೇ ಅರ್ಥ. ಮುಗಿದೇ ಹೋಯಿತು ಅನ್ನಬೇಕಾದರೆ 'ಪೂರ್ಣವಿರಾಮ ಹಾಕಿದರು' ಅನ್ನುತ್ತೇವೆ. 2025ರ ಮೇ 10ರಂದು ಭಾರತ, ಪಾಕಿಸ್ತಾನ ಎರಡೂ ಕಡೆಯ ಸೇನಾ ಅಧಿಕಾರಿಗಳು ಫೋನಿನಲ್ಲಿ ಮಾತಾಡಿ, ಸಂಜೆ 5ರಿಂದ ಗುಂಡು ನಿಲ್ಲಿಸುವುದು ಅಂತ ಒಪ್ಪಿದಾಗ ದಿಲ್ಲಿಯವರು ಬಳಸಿದ ಪದ 'ತಿಳುವಳಿಕೆಗೆ ಬಂದಿದ್ದೇವೆ' ಅನ್ನುವ ಅರ್ಥದ್ದು. ಕನ್ನಡ ಪೇಪರುಗಳು 'ಕದನ ವಿರಾಮ' ಅಂತ ಹಾಕಿದವು. ತಪ್ಪು ಅನ್ನುವುದಿಲ್ಲ. ಆದರೆ ಹೇಳಿದವರು ಆ ಪದವನ್ನು ಯಾಕೆ ಬಿಟ್ಟರು ಅಂತ ಅನುವಾದ ಮಾಡುವವನು ಒಂದು ನಿಮಿಷ ಯೋಚಿಸಬೇಕು. ಇಂಥ ಕಡೆ ಒಂದು ಪದಕ್ಕೆ ವಾರಗಟ್ಟಲೆ ಹಟ ಹಿಡಿದು ಕೂರುತ್ತಾರೆ. ನಾವು ಕಣ್ಣು ಮುಚ್ಚಿ ಇನ್ನೊಂದು ಪದ ಇಟ್ಟರೆ ಅವರ ಹಟವೆಲ್ಲ ನೀರುಪಾಲು.

> ಆಗ್ರಾಕ್ಕೆ 'ಶೃಂಗಸಭೆ' ಅಂತ ಹಾಕಿ, ಪೇಪರಿನವರು ಅದನ್ನೇ ಬರೆಯುವುದು.

ಬರೆಯುತ್ತಾರೆ, ನನಗೆ ಹಿಡಿಸುವುದಿಲ್ಲ. ಶೃಂಗ ಅಂದರೆ ಕೊಂಬೂ ಹೌದು. ಇಂಗ್ಲಿಷಿನವರು 'ಸಮ್ಮಿಟ್', ಅಂದರೆ ಬೆಟ್ಟದ ತುದಿ, ಅಂದರು ಅಂತ ನಾವೂ ಬೆಟ್ಟ ಹತ್ತಬೇಕಾ? ಈ ಒಂದು ವಿಷಯದಲ್ಲಿ ನಾನು ಮಾಷ್ಟ್ರ ಪಕ್ಷ. 'ಆಗ್ರಾ ಭೇಟಿ' ಸಾಕು.

ಟೀಚರ್, ನಾಳೆಗೆ ಹೀಗೆ ಕೊಡಿ. ತಲೆಬರಹ 'ಮಾತುಕತೆಯ ಹಾದಿ'. ಕೆಳಗೆ ತಾಷ್ಕೆಂಟ್ ಘೋಷಣೆ 1966, ಶಿಮ್ಲಾ ಒಪ್ಪಂದ 1972, ಲಾಹೋರ್ ಘೋಷಣೆ 1999, ಆಗ್ರಾ ಭೇಟಿ 2001. ನಾಲ್ಕರಲ್ಲಿ ಒಪ್ಪಂದ ಅನ್ನುವ ಹೆಸರಿರುವುದು ಒಂದಕ್ಕೇ. ಫ್ಲೆಕ್ಸ್‌ನವರು 'ನುಡಿ' ತಂತ್ರಾಂಶದ ಅಕ್ಷರದಿಂದ ಯೂನಿಕೋಡಿಗೆ ಬದಲಾಯಿಸುವಾಗ ಒತ್ತಕ್ಷರ ಎಲ್ಲಿಗೋ ಹಾರುತ್ತದೆ, 'ಒಪ್ಪಂದ'ದ ಪಾವತ್ತು ಜಾಗದಲ್ಲಿ ಉಂಟಾ ಅಂತ ಪ್ರಿಂಟಿಗೆ ಮೊದಲು ನೀವೇ ನಿಂತು ನೋಡಿ.