ಕಚ್ಚಿದ್ದು ಕಮ್ಮಿ, ಕಚ್ಚಾಡಿದ್ದೇ ಜಾಸ್ತಿ

ಮಂಡ್ಯದ ಸಂಜಯ ಸರ್ಕಲ್ ಹತ್ತಿರದ ಟೀ ಅಂಗಡಿ. ಕೂತವರು ಮೂವರು: ಊರೂರ ಕುರುಕ್ಷೇತ್ರ ನಾಟಕಕ್ಕೆ ಬಣ್ಣ ಹಚ್ಚೋ ಸಿದ್ದಣ್ಣ, ಮದುವೆ ವಿಡಿಯೋ ತೆಗೆಯೋ ಕುಮಾರ, ಸೌಂಡ್ ಸೆಟ್ಟಿನ ಪುಟ್ಟ. ವಿಷಯ, ಕಮ್ಮಿ ದುಡ್ಡಿನ ಒಂದು ಇಂಗ್ಲಿಷ್ ಜಾಂಬಿ ಸಿನಿಮಾ. ಮನೆಯೊಳಗೆ ಗಂಡ ಹೆಂಡ್ತಿ, ಹೊರಗೆ ಓಡಾಡೋ ಹೆಣಗಳು.

ಪುಟ್ಟ: ಜಾಂಬಿ ಅಂಗಳಕ್ಕೆ ಬಂದ್ಮೇಲೂ ಪಾತ್ರೆ ಯಾರು ತೊಳೀಬೇಕು ಅಂತ ಜಗಳ ಆಡ್ತರಲ್ಲಣ್ಣೋ! ಬಾಗ್ಲು ಬೇರೆ ಹಾರು ಹೊಡ್ದದೆ.

ಕುಮಾರ: ಜಗಳ ಆಡ್ಲಿ ಬುಡ್ಲಾ, ಅದುಕ್ಕೇ ತಾನೇ ಸಿನ್ಮಾ. ಆದ್ರೆ ಸದ್ದು ಮಾಡುದ್ರೆ ಜಾಂಬಿ ಬತ್ತವೆ ಅಂತ ಮೊದ್ಲೇ ಅವ್ರೇ ಹೇಳವ್ರೆ. ಹಂಗಾರೆ ಜಗಳಾನೆಲ್ಲ ಪಿಸುಮಾತಲ್ಲಿ ಆಡುಸ್ಬೇಕಿತ್ತು. ಕೋಪ ಉಕ್ತಾ ಇದ್ರೂ ದನಿ ಎತ್ತಂಗಿಲ್ಲ! ಇದುಕ್ಕೆ ಒಂದ್ ರೂಪಾಯಿ ಖರ್ಚಿಲ್ಲ.

ಸಿದ್ದಣ್ಣ: ರಕ್ತ ನೋಡುದ್ರಾ? ಸೋಡಾ ಅಂಗ್ಡಿ ಶರಬತ್ತು! ಬರೀ ಕೆಂಪು ಕಲ್ಸುದ್ರೆ ತೆಳ್ಳಗೆ ಹರ್ದ ಕಡೆ ಗುಲಾಬಿ ಬಣ್ಣ ಆಯ್ತದೆ. ಎರಡು ಲೋಟ ಸಕ್ಕರೆಗೆ ಒಂದು ಲೋಟ ನೀರು ಹಾಕಿ ಕುದ್ಸಿ, ಆರುದ್ಮೇಲೆ ಕೆಂಪು ಫುಡ್ ಕಲರ್, ಒಂದು ಚಮಚ ಕೋಕೋ ಪುಡಿ, ನೀಲಿ ಒಂದೇ ತೊಟ್ಟು. ಕೋಕೋ ಇದ್ರೆ ಕೆಳಗಿನ ಚರ್ಮ ಕಾಣಕ್ಕಿಲ್ಲ. ಪಾಕ ಕುದಿಯುವಾಗ ಒಸಿ ನಿಂಬೆರಸ ಹಿಂಡ್ಬೇಕು, ಇಲ್ದಿದ್ರೆ ಹರಳುಗಟ್ತದೆ. ಮಿಠಾಯಿ ಮಾಡೋರ್ಗೆ ಇದೆಲ್ಲ ಗೊತ್ತು, ಆ ಡೈರೆಕ್ಟರ್‌ಗೆ ಗೊತ್ತಿಲ್ಲ.

ಪುಟ್ಟ: ಇರುವೆ ಮುತ್ಕಳಕ್ಕಿಲ್ವಾ?

ಸಿದ್ದಣ್ಣ: ಇರುವೆಗಿಂತ ನೊಣದ ಕಾಟ. ಅದುಕ್ಕೇ ಶಾಟ್ ರೆಡಿ ಆದ್ಮೇಲೇ ಹಚ್ಬೇಕು. ಹಿಂದ್ಗಡೆ ಒಂದು ಜಾಂಬಿ ನೊಣ ಓಡುಸ್ತಾ ನಿಂತಿತ್ತಲ್ಲಾ, ನೋಡ್ಲಿಲ್ವಾ? ಗಾಯ ಅಂತೂ ಅಂಟ್ಸಿದ್ ಸ್ಟಿಕ್ಕರ್. ಲಿಕ್ವಿಡ್ ಲೇಟೆಕ್ಸ್ ಅಂದ್ರೆ ರಬ್ಬರ್ ಹಾಲು ಬಳ್ದು, ಟಿಶ್ಯೂ ಪೇಪರ್ ಹರ್ದು ಅಂಟ್ಸಿ, ಒಣಗ್ಸಿ, ಹಿಂಗೆ ಮೂರು ಪದರ ಮಾಡಿ ಮಧ್ಯೆ ಕಿತ್ರೆ ತಾನೇ ಗಾಯ? ಅಂಚು ತೆಳ್ಳಗಿರ್ಬೇಕು. ಹುಬ್ಬಿಗೆ ಮೊದ್ಲು ವ್ಯಾಸಲೀನ್, ಇಲ್ದಿದ್ರೆ ಗಾಯದ ಜೊತೆ ಹುಬ್ಬೂ ಕಿತ್ಕಂಡ್ ಬತ್ತದೆ.

ಕುಮಾರ: ಇದ್ದಿದ್ದೇ ಏಳು ಜಾಂಬಿ. ಹಳದಿ ಶರ್ಟಿನವನು ಮೂರ್ಸಲ ಬಂದ. ಹಿಂದಿಂದ ಲೈಟ್ ಹೊಡ್ದು, ಒಸಿ ಹೊಗೆ ಬುಟ್ಟು, ದೂರದ್ದನ್ನ ಹತ್ರ ತೋರ್ಸೋ ಲಾಂಗ್ ಲೆನ್ಸಲ್ಲಿ ತೆಗುದ್ರೆ ಏಳೂ ಒತ್ತೊತ್ತಾಗಿ ಕಾಣ್ತವೆ, ಮುಖದ ಮೇಕಪ್ಪೂ ಉಳೀತದೆ. ಈ ಡೈರೆಕ್ಟರ್ ಮಟಮಟ ಮಧ್ಯಾಹ್ನ ಎಲ್ಲಾ ಅಗಲಕ್ಕೆ ಕಾಣೋ ವೈಡ್ ಲೆನ್ಸ್ ಇಟ್ಟವ್ನೆ, ಎಣಿಸ್ಕಳಿ ಅಂತ.

ಪುಟ್ಟ: ನಂಗೆ ಸಂಕಟ ಆಗಿದ್ದು ಸೌಂಡು. ಕ್ಯಾಮೆರಾ ಮೈಕನ್ನೇ ನಂಬ್ಕಂಡವ್ರೆ, ಮಾತೆಲ್ಲ ಖಾಲಿ ಗೋಡೆಗೆ ಬಡ್ದು ಗೊಂಯ್ ಅಂತದೆ. ಕಾಲರ್ ಒಳಗೆ ಒಂದು ಮೈಕು, ಫ್ರೇಮಿನಾಚೆ ನಾಕು ರಗ್ಗು ನೇತಾಕುದ್ರೆ ಸಾಕಿತ್ತು. ಪ್ರತಿ ರೂಮಿನ ಸುಮ್ನಿರೋ ಸದ್ದು ಅರ್ಧ ನಿಮಿಷ ರೆಕಾರ್ಡ್ ಮಾಡ್ಕಬೇಕು, ಇಲ್ದಿದ್ರೆ ಕಟ್ ಆದಾಗ್ಲೆಲ್ಲ ಗಾಳಿನೇ ನಿಂತೋದಂಗೆ ಕೇಳ್ತದೆ. ಮೂಳೆ ಮುರಿಯೋ ಸದ್ದಿಗೆ ನಮ್ ಕಬ್ಬಿನ ಜಲ್ಲೆ ಐತಲ್ಲ! ಮೈಕ್ ಹತ್ರ ಲಟಕ್ ಅನ್ಸು, ಥಿಯೇಟ್ರಲ್ಲಿ ಜನ ಮೊಣಕಾಲು ಮುಟ್ಕಂಡ್ ನೋಡ್ಕತರೆ.

ಕುಮಾರ: ಇವೆಲ್ಲ ಕ್ಷಮಿಸ್ಬುಡಾನ ಕನ್ಲಾ. 1968ರ ಜಾಂಬಿ ಸಿನ್ಮಾ ‘ನೈಟ್ ಆಫ್ ದ ಲಿವಿಂಗ್ ಡೆಡ್’ ಆಗಿದ್ದೇ ಸುಮಾರು 1.14 ಲಕ್ಷ ಡಾಲರ್‌ಗೆ, ರಕ್ತ ಅಂತ ಚಾಕಲೇಟ್ ಸಿರಪ್ಪು. ಕಪ್ಪು ಬಿಳುಪು, ಬಣ್ಣದ ರಗಳೆನೇ ಇಲ್ಲ. ಅದ್ರಲ್ಲೂ ನೆಲಮಾಳಿಗೇಲಿ ಗಂಡ ಹೆಂಡ್ತಿ ಕಿತ್ತಾಡ್ತರೆ, ಆದ್ರೆ ಪಕ್ಕದಲ್ಲೇ ಕಚ್ಚುಸ್ಕಂಡ ಮಗಳು ಮಲಗವ್ಳೆ. ಮಾತು ಮಾತಿಗೂ ಕಣ್ಣು ಆ ಮಗೀನ್ ಕಡೆಗೇ ಹೋಯ್ತದೆ. ನಾವು ನೋಡಿದ್ ಸಿನ್ಮಾದಲ್ಲಿ ಗಂಡನ್ನ ಕಚ್ಚಿದ್ ವಿಷಯ ಕಡೇ ಐದು ನಿಮಿಷಕ್ಕೆ ಬಾಯಲ್ಲಿ ಹೇಳುಸ್ತರೆ! ಹತ್ತನೇ ನಿಮಿಷಕ್ಕೇ ನಮ್ಗೆ ತೋರುಸ್ಬೇಕಿತ್ತು, ಹೆಂಡ್ತಿಗಲ್ಲ. ಅವನು ತುಂಬು ತೋಳಿನ ಶರ್ಟ್ ಹಾಕ್ಕಂಡು ಪಾತ್ರೆ ತೊಳಿಯಕ್ಕಿಲ್ಲ ಅಂತ ಮೊಂಡು ಹಿಡ್ದಿದ್ರೆ, ಅದೇ ಪಾತ್ರೆ ಜಗಳ ನೋಡಕ್ಕೆ ಎದೆ ಡವಗುಟ್ಟದು.

ಸಿದ್ದಣ್ಣ: ಅದು ಸರಿ ಕನಪ್ಪ. ಕಡೆಗೆ ಆ ಹೆಣ್ಮಗಳು ಬುಟ್ಟೋದ್ಲಾ? ನಂಗೆ ನಿದ್ದೆ ಹತ್ಬುಡ್ತು.

ಪುಟ್ಟ: ಹೋದ್ಲು. ಇಷ್ಟ್ ದೊಡ್ಡ ಸೂಟ್‌ಕೇಸು, ಎರಡೇ ಬೆಳ್ಳಲ್ಲಿ ಎತ್ಕಂಡು. ಒಳಗೆ ನಾಕು ಇಟ್ಟಿಗೆನಾರ ಹಾಕ್ಬಾರ್ದಾ!