ವಿಎಂ ಒಳಗೆ ಹೊರಗಿನ ಪ್ಯಾಕೇಜ್: ಹಾಕುವ ಮುಂಚೆ ಏನೇನು ನೋಡಿಕೊಳ್ಳುತ್ತೀರಿ?

ಪ್ರಶ್ನೆ (ಹೊಸಪರದೆ): ಕೆವಿಎಂ (ಲಿನಕ್ಸ್‌ನ ವರ್ಚುವಲೈಸೇಶನ್) ಮೇಲೆ ಡೆಬಿಯನ್ 12 ಲಿನಕ್ಸ್ ಇರುವ ವಿಎಂ (ಕಂಪ್ಯೂಟರ್ ಒಳಗಿನ ವರ್ಚುವಲ್ ಕಂಪ್ಯೂಟರ್) ಒಂದಿದೆ. ಡೆಬಿಯನ್ ರೆಪೊದಲ್ಲಿ (ಪ್ಯಾಕೇಜ್ ಭಂಡಾರದಲ್ಲಿ) ಸಿಗದ ಮೂರು ಸಾಫ್ಟ್‌ವೇರ್ ಬೇಕು. ಒಂದಕ್ಕೆ ತಯಾರಕರದೇ ರೆಪೊ ಇದೆ, ಇನ್ನೊಂದು ಬಿಡಿ ಡೆಬ್ ಫೈಲು (ಡೆಬಿಯನ್‌ನ ಪ್ಯಾಕೇಜ್ ಫೈಲು), ಮೂರನೆಯದು "ಈ ಒಂದು ಸಾಲು ಪೇಸ್ಟ್ ಮಾಡಿ" ಅನ್ನುವ, ಕರ್ಲ್ (ಡೌನ್‌ಲೋಡ್ ಮಾಡುವ ಕಮಾಂಡ್) ಬಳಸುವ ಸ್ಕ್ರಿಪ್ಟು. ಹೇಗಿದ್ದರೂ ವಿಎಂ ತಾನೇ, ಕೆಟ್ಟರೆ ಅಳಿಸಿದರಾಯಿತು ಅನ್ನಿಸುತ್ತದೆ. ಬಲ್ಲವರು ಯಾವ ಕ್ರಮದಲ್ಲಿ ಮಾಡುತ್ತೀರಿ? ಎಲ್ಲಿ ಎಡವಟ್ಟಾಗುತ್ತದೆ?

ಮೂಲಬೇರು:
ಅಳಿಸಿದರಾಯಿತು ಅನ್ನೋದು ಅರ್ಧ ಮಾತ್ರ ಸರಿ. ಹೋಸ್ಟ್‌ನ (ವಿಎಂ ಓಡಿಸುವ ನಿಜವಾದ ಕಂಪ್ಯೂಟರ್‌ನ) ಫೋಲ್ಡರ್ ಒಂದನ್ನು ಬರೆಯುವ ಅನುಮತಿ ಕೊಟ್ಟು ವಿಎಂಗೆ ಹಂಚಿದ್ದರೆ, ಒಳಗೆ ರೂಟ್ (ಸರ್ವಾಧಿಕಾರದ ಬಳಕೆದಾರ) ಆಗಿ ಓಡುವ ಯಾವುದೇ ಸ್ಕ್ರಿಪ್ಟ್ ಅದನ್ನು ಅಳಿಸಬಲ್ಲದು. ಕ್ಲಿಪ್‌ಬೋರ್ಡ್ ಹಂಚಿಕೆ ಆನ್ ಇದ್ದರೆ ಹೋಸ್ಟ್‌ನಲ್ಲಿ ಕಾಪಿ ಮಾಡಿದ ಪಾಸ್‌ವರ್ಡ್ ಒಳಗೂ ಕಾಣುತ್ತದೆ. ಎಸ್‌ಎಸ್‌ಎಚ್ ಏಜೆಂಟ್ (ನಿಮ್ಮ ಲಾಗಿನ್ ಕೀಗಳನ್ನು ಹಿಡಿದಿಡುವ ಪ್ರೋಗ್ರಾಂ) ಫಾರ್ವರ್ಡ್ ಮಾಡಿಕೊಂಡು ಲಾಗಿನ್ ಆಗಿದ್ದರೆ, ನೀವು ಒಳಗಿರುವಷ್ಟು ಹೊತ್ತು ಆ ಸ್ಕ್ರಿಪ್ಟ್ ನಿಮ್ಮ ಕೀ ಬಳಸಿ ಬೇರೆ ಸರ್ವರ್‌ಗೂ ಹೋಗಬಹುದು. ಮೊದಲು ಈ ಮೂರನ್ನೂ ಮುಚ್ಚಿ. ನ್ಯಾಟ್ (ಹೋಸ್ಟ್‌ನ ವಿಳಾಸದ ಹಿಂದೆ ವಿಎಂ ಅಡಗಿರುವ ನೆಟ್‌ವರ್ಕ್ ವ್ಯವಸ್ಥೆ) ಇದೆ ಎಂದು ನೆಮ್ಮದಿಯಾಗಿರಬೇಡಿ. ಅದು ಹೊರಗಿನವರು ಒಳಗೆ ಬರುವುದನ್ನು ತಡೆಯುತ್ತದೆಯೇ ಹೊರತು, ಒಳಗಿನಿಂದ ನಿಮ್ಮ ಲೋಕಲ್ ನೆಟ್‌ವರ್ಕ್‌ಗೆ ಹೋಗುವುದನ್ನಲ್ಲ.

ಆಮೇಲೆ ಸ್ನ್ಯಾಪ್‌ಶಾಟ್, ಅಂದರೆ ಮರಳಿ ಹೋಗಲು ಡಿಸ್ಕ್‌ನ ಈಗಿನ ಸ್ಥಿತಿಯನ್ನು ಉಳಿಸಿಡುವುದು. ವಿಎಂ ಪೂರ್ತಿ ಶಟ್‌ಡೌನ್ ಮಾಡಿ, ಹೋಸ್ಟ್‌ನಲ್ಲಿ "ಕ್ಯೂಎಮು-ಐಎಂಜಿ ಸ್ನ್ಯಾಪ್‌ಶಾಟ್ -ಸಿ ಮುಂಚೆ ಡಿಸ್ಕ್.ಕ್ಯೂಕೌ2". ಮರಳಲು ವಿಎಂ ಆಫ್ ಇಟ್ಟು ಅದೇ ಕಮಾಂಡ್‌ನಲ್ಲಿ -ಸಿ ಬದಲು -ಎ. ಓಡುತ್ತಿರುವ ವಿಎಂನ ಡಿಸ್ಕ್ ಮೇಲೆ ಇದನ್ನು ಅಪ್ಪಿತಪ್ಪಿಯೂ ಕೊಡಬೇಡಿ, ಎರಡು ಕೈ ಒಂದೇ ಫೈಲಿಗೆ ಬರೆದು ಇಮೇಜೇ ಹಾಳಾಗುತ್ತದೆ. ವರ್ಶ್ (ವಿಎಂ ನಿರ್ವಹಿಸುವ ಲಿಬ್‌ವರ್ಟ್‌ನ ಕಮಾಂಡ್) ಮೂಲಕವೂ ತೆಗೆಯಬಹುದು, ಆದರೆ ಯುಇಎಫ್‌ಐ (ಹೊಸ ಬಗೆಯ ಬೂಟ್ ಫರ್ಮ್‌ವೇರ್) ವಿಎಂಗಳಲ್ಲಿ ಇಂಟರ್ನಲ್ (ಡಿಸ್ಕ್ ಫೈಲಿನೊಳಗೇ ಕೂರುವ) ಸ್ನ್ಯಾಪ್‌ಶಾಟ್‌ಗೆ ಹಳೆಯ ಲಿಬ್‌ವರ್ಟ್ ಒಪ್ಪುವುದಿಲ್ಲ.

ಮೆಮೊರಿ ಸಮೇತ ತೆಗೆದ ಸ್ನ್ಯಾಪ್‌ಶಾಟ್‌ಗೆ ಮರಳಿದಾಗ ಒಂದು ತಮಾಷೆ ನಡೆಯುತ್ತದೆ. ವಿಎಂನ ಗಡಿಯಾರ ಹಳೆಯ ಹೊತ್ತಿನಲ್ಲೇ ನಿಂತಿರುತ್ತದೆ, ಡೆಬಿಯನ್‌ನ ಪ್ಯಾಕೇಜ್ ಸಾಧನವಾದ ಆಪ್ಟ್‌ನಲ್ಲಿ ಆಪ್ಟ್ ಅಪ್‌ಡೇಟ್ ಕೊಟ್ಟರೆ "ರಿಲೀಸ್ ಫೈಲ್ ಇನ್ನೂ ವ್ಯಾಲಿಡ್ ಆಗಿಲ್ಲ" ಎಂಬ ಎರರ್. ರೆಪೊ ಕೆಟ್ಟಿಲ್ಲ, ಗಡಿಯಾರ ಹಿಂದಿದೆ. ಕ್ರೊನಿ (ಗಡಿಯಾರ ಸರಿಹೊಂದಿಸುವ ಪ್ರೋಗ್ರಾಂ) ಇದ್ದರೆ "ಕ್ರೊನಿಸಿ ಮೇಕ್‌ಸ್ಟೆಪ್" ಸಾಕು. ಇದನ್ನು ನೋಡಿ ಸಹಿ ತಪಾಸಣೆಯನ್ನೇ (ರೆಪೊ ಅಸಲಿಯೇ ಎಂಬ ಪರೀಕ್ಷೆ) ಆಫ್ ಮಾಡುವವರಿದ್ದಾರೆ!

ಬೆರಳಗುರುತು:
ರೆಪೊ ವಿಷಯಕ್ಕೆ ಬರುತ್ತೇನೆ, ಜಾಸ್ತಿ ತಪ್ಪಾಗುವುದು ಅಲ್ಲೇ.

ಹಳೆಯ ಸೂಚನೆಗಳಲ್ಲಿ "ಆಪ್ಟ್-ಕೀ ಆ್ಯಡ್" ಅಂತ ಇದ್ದರೆ ಅದನ್ನು ಬಿಟ್ಟುಬಿಡಿ. ಹಾಗೆ ಸೇರಿಸಿದ ಕೀಗೆ (ರೆಪೊದ ಸಹಿ ಪರೀಕ್ಷಿಸಲು ಬಳಸುವ ಫೈಲು) ಎಲ್ಲ ರೆಪೊಗಳ ಮೇಲೂ ಅಧಿಕಾರ. ಯಾವನೋ ಎಡಿಟರ್ ಮಾಡುವವನ ಕೀ ಡೆಬಿಯನ್ ಹೆಸರಿನ ರೆಪೊಗೂ ಸಹಿ ಹಾಕಬಲ್ಲದು. ಟ್ರಸ್ಟೆಡ್.ಜಿಪಿಜಿ.ಡಿ ಫೋಲ್ಡರ್‌ಗೆ ಹಾಕಿದರೂ ಅದೇ ಕಥೆ. ಕೀಯನ್ನು /ಇಟಿಸಿ/ಆಪ್ಟ್/ಕೀರಿಂಗ್ಸ್ ಒಳಗಿಟ್ಟು, ರೆಪೊದ ಸೋರ್ಸಸ್ ಫೈಲಿನಲ್ಲಿ "ಸೈನ್ಡ್-ಬೈ:" ಸಾಲಿಗೆ ಆ ಫೈಲಿನ ಪೂರ್ತಿ ಪಾತ್ ಕೊಡಿ. ಆಗ ಆ ಕೀ ಆ ರೆಪೊಗೆ ಮಾತ್ರ.

ಎರಡು ಸಣ್ಣ ಕಿರಿಕಿರಿ. ಕೀ ಪಠ್ಯರೂಪದಲ್ಲಿದ್ದರೆ (ತೆರೆದಾಗ "ಬಿಗಿನ್ ಪಿಜಿಪಿ" ಎಂದು ಶುರುವಾದರೆ) ಎಕ್ಸ್‌ಟೆನ್ಶನ್ .ಎಎಸ್‌ಸಿ ಇರಲಿ, ಬೈನರಿ ಆದರೆ .ಜಿಪಿಜಿ. ಅದಲು ಬದಲಾದರೆ ಆಪ್ಟ್ ಆ ಕೀಯನ್ನು ಬದಿಗಿಟ್ಟು "ನೊ ಪಬ್‌ಕೀ" ಎನ್ನುತ್ತದೆ. ಫೈಲಿನ ಪರ್ಮಿಶನ್ 644 ಇರಬೇಕು. 600 ಇದ್ದರೆ ಸಹಿ ನೋಡುವ _ಆಪ್ಟ್ ಎಂಬ ಬಳಕೆದಾರನಿಗೆ ಓದಲಾಗದೆ ಮತ್ತೆ ಅದೇ ಎರರ್.

ಕೀಯ ಫಿಂಗರ್‌ಪ್ರಿಂಟನ್ನು (ಗುರುತಿನ ಸಂಖ್ಯೆಯನ್ನು) "ಜಿಪಿಜಿ --ಶೋ-ಕೀಸ್" ಕೊಟ್ಟು 40 ಅಕ್ಷರವನ್ನೂ ಹೋಲಿಸಿ. ಕೊನೆಯ 8 ಅಕ್ಷರ ಹೊಂದಿದರೆ ಸಾಲದು, ಅಷ್ಟು ಹೊಂದುವ ಬೇರೆ ಕೀ ತಯಾರಿಸುವುದು ಕಷ್ಟವಲ್ಲ. ಹೋಲಿಸುವ ಸಂಖ್ಯೆಯನ್ನು ಕೀ ಇಳಿಸಿಕೊಂಡ ಪುಟದಿಂದಲೇ ತಂದರೆ ಪ್ರಯೋಜನವಿಲ್ಲ, ಬೇರೆ ಜಾಗದಿಂದ ತನ್ನಿ.

ಕೊನೆಗೆ ಪಿನ್, ಅಂದರೆ ಯಾವ ರೆಪೊಗೆ ಎಷ್ಟು ಆದ್ಯತೆ ಎಂದು ನಿಗದಿ ಮಾಡುವುದು. ಹೊರಗಿನ ರೆಪೊಗೂ ಡೆಬಿಯನ್‌ಗೂ ಆಪ್ಟ್ ಕೊಡುವ ಆದ್ಯತೆ ಸಮ, 500. ಯಾರ ಆವೃತ್ತಿ ಸಂಖ್ಯೆ ದೊಡ್ಡದೋ ಅವರು ಗೆದ್ದರು. ಆ ರೆಪೊ ನಾಳೆ ಒಂದು ದೊಡ್ಡ ಸಂಖ್ಯೆಯ ಓಪನ್‌ಎಸ್‌ಎಸ್‌ಎಲ್ (ಎನ್‌ಕ್ರಿಪ್ಶನ್ ಲೈಬ್ರರಿ) ಇಟ್ಟರೆ ನಿಮ್ಮದು ಸದ್ದಿಲ್ಲದೆ ಬದಲಾಗುತ್ತದೆ. ಅದಕ್ಕೆ /ಇಟಿಸಿ/ಆಪ್ಟ್/ಪ್ರಿಫರೆನ್ಸಸ್.ಡಿ ಒಳಗೆ ಒಂದು ಫೈಲು ಮಾಡಿ: ಆ ರೆಪೊದ ಎಲ್ಲ ಪ್ಯಾಕೇಜ್‌ಗೆ (*) ಆದ್ಯತೆ -1 (ಅಂದರೆ ಹಾಕಲೇಬೇಡ), ಒಂದು ಖಾಲಿ ಸಾಲು ಬಿಟ್ಟು, ನಿಮಗೆ ಬೇಕಾದ ಪ್ಯಾಕೇಜಿನ ಹೆಸರಿಗೆ 500. ಅದೇ ರೆಪೊದಿಂದ ಬರಬೇಕಾದ ಡಿಪೆಂಡೆನ್ಸಿ (ಅದು ಅವಲಂಬಿಸುವ ಇನ್ನೊಂದು ಪ್ಯಾಕೇಜ್) ಇದ್ದರೆ ಅದರ ಹೆಸರನ್ನೂ ಸೇರಿಸಬೇಕು. ಫೈಲಿನ ಹೆಸರಿಗೆ ಎಕ್ಸ್‌ಟೆನ್ಶನ್ ಬೇಡ, ಇಲ್ಲವೇ .ಪ್ರೆಫ್ ಇರಲಿ. .ಟಿಎಕ್ಸ್‌ಟಿ ಎಂದರೆ ಆಪ್ಟ್ ಅದನ್ನು ಓದುವುದೇ ಇಲ್ಲ. ಹತ್ತಿತೋ ಇಲ್ಲವೋ ಎಂದು "ಆಪ್ಟ್ ಪಾಲಿಸಿ" ಹೇಳುತ್ತದೆ.

ಬಿಚ್ಚಿನೋಡು:
ಬಿಡಿ ಡೆಬ್ ಫೈಲಿಗೆ ಮೇಲಿನ ಯಾವ ಕಾವಲೂ ಅನ್ವಯಿಸದು. ಆಪ್ಟ್ ಲೋಕದಲ್ಲಿ ಸಹಿ ಇರುವುದು ರೆಪೊದ ರಿಲೀಸ್ ಫೈಲಿಗೆ. ಅದರಲ್ಲಿ ಪ್ಯಾಕೇಜ್ ಪಟ್ಟಿಯ ಹ್ಯಾಶ್ (ಫೈಲಿನಿಂದ ಲೆಕ್ಕ ಹಾಕಿದ ಗುರುತು), ಪಟ್ಟಿಯಲ್ಲಿ ಪ್ರತಿ ಡೆಬ್‌ನ ಹ್ಯಾಶ್. ಆ ಸರಪಳಿಯಿಂದ ಕಳಚಿ ಕೈಗೆ ಬಂದ ಡೆಬ್‌ನಲ್ಲಿ ಸಾಮಾನ್ಯವಾಗಿ ಸಹಿಯೇ ಇರುವುದಿಲ್ಲ. ಹಾಗಾಗಿ ಬಿಚ್ಚಿ ನೋಡಿ.

"ಡಿಪಿಕೆಜಿ-ಡೆಬ್ -ಸಿ" ಯಾವ ಫೈಲು ಎಲ್ಲಿ ಕೂರುತ್ತದೆ ಎಂದು ತೋರಿಸುತ್ತದೆ. /ಇಟಿಸಿ/ಕ್ರಾನ್.ಡೈಲಿ (ದಿನವೂ ತಾನೇ ಓಡುವ ಸ್ಕ್ರಿಪ್ಟ್‌ಗಳ ಜಾಗ) ಅಥವಾ ಸುಡೋಯರ್ಸ್.ಡಿ (ರೂಟ್ ಅಧಿಕಾರ ಯಾರಿಗೆಂಬ ನಿಯಮಗಳ ಜಾಗ) ಕಂಡರೆ ಅಲ್ಲೇ ನಿಲ್ಲಿ. "ಡಿಪಿಕೆಜಿ-ಡೆಬ್ -ಇ" ಕೊಟ್ಟರೆ ಪ್ರಿಇನ್‌ಸ್ಟ್, ಪೋಸ್ಟ್‌ಇನ್‌ಸ್ಟ್ ಸ್ಕ್ರಿಪ್ಟ್‌ಗಳು ಹೊರಬರುತ್ತವೆ. ಇವು ಇನ್‌ಸ್ಟಾಲ್ ಹೊತ್ತಿಗೆ ರೂಟ್ ಆಗಿ ಓಡುವಂಥವು, ಬಹುತೇಕ 20-30 ಸಾಲು ಅಷ್ಟೇ, ಓದಿ. ಕೆಲವು ಬ್ರೌಸರ್ ಡೆಬ್‌ಗಳು ಇಲ್ಲೇ ತಮ್ಮ ರೆಪೊವನ್ನು ತಾವೇ ಸೇರಿಸಿಕೊಳ್ಳುತ್ತವೆ.

ಹಾಕುವಾಗ "ಡಿಪಿಕೆಜಿ -ಐ" ಬೇಡ, ಅದು ಡಿಪೆಂಡೆನ್ಸಿ ತರುವುದಿಲ್ಲ. "ಆಪ್ಟ್ ಇನ್‌ಸ್ಟಾಲ್ -ಎಸ್ ./ಹೆಸರು.ಡೆಬ್" ಎಂದು ಮೊದಲು ಬರೀ ನಾಟಕ ಆಡಿಸಿ. ಆ ./ ಬಿಟ್ಟರೆ ಆಪ್ಟ್ ರೆಪೊದಲ್ಲಿ ಹುಡುಕಿ ಸಿಗಲಿಲ್ಲ ಎನ್ನುತ್ತದೆ. "ರಿಮೂವ್ ಆಗುವವು" ಪಟ್ಟಿ ಖಾಲಿ ಇದ್ದರೆ -ಎಸ್ ತೆಗೆದು ಹಾಕಿ. ಕೊನೆಯಲ್ಲಿ "_ಆಪ್ಟ್‌ಗೆ ಫೈಲು ಸಿಗಲಿಲ್ಲ, ರೂಟ್ ಆಗಿ ತೆಗೆದುಕೊಂಡೆ" ಎಂಬ ನೋಟಿಸ್ ಬಂದರೆ ಹೆದರಬೇಕಿಲ್ಲ, ಫೈಲು ನಿಮ್ಮ ಹೋಮ್‌ನಲ್ಲಿದೆ ಅಷ್ಟೇ.

ಸಾಲುಸಾಲು:
ಆರ್‌ಪಿಎಂ (ಫೆಡೋರಾ ಮುಂತಾದ ಲಿನಕ್ಸ್‌ಗಳ ಪ್ಯಾಕೇಜ್ ಬಗೆ) ಬಳಸುವವರಿಗೆ ಒಂದು ಮಾತು. ಅಲ್ಲಿ ಪ್ಯಾಕೇಜಿನೊಳಗೇ ಸಹಿ ಇರುತ್ತದೆ, ನಿಜ. ಆದರೆ ಡಿಎನ್‌ಎಫ್ 4ರಲ್ಲಿ (ಅಲ್ಲಿ ಆಪ್ಟ್‌ನ ಜಾಗದಲ್ಲಿರುವ ಸಾಧನ) ಇಳಿಸಿಟ್ಟ ಫೈಲನ್ನು ಹಾಕುವಾಗ ಸಹಿ ನೋಡುವ ಆಯ್ಕೆ (ಲೋಕಲ್‌ಪಿಕೆಜಿ_ಜಿಪಿಜಿಚೆಕ್) ಡೀಫಾಲ್ಟಾಗಿ ಆಫ್. "ಆರ್‌ಪಿಎಂ -ಕೆ" (ಇಂಗ್ಲಿಷ್ ದೊಡ್ಡಕ್ಷರದ ಕೆ) ಎಂದು ಕೈಯಾರೆ ನೋಡಬೇಕು.

ಈಗ ಕರ್ಲ್ ಸ್ಕ್ರಿಪ್ಟು. ಪೈಪ್ ಮಾಡಿದರೆ (ಇಳಿಯುತ್ತಿದ್ದಂತೆಯೇ ಓಡಿಸಿದರೆ) ನಡುವೆ ಸಂಪರ್ಕ ಕಡಿದಾಗ ಬ್ಯಾಷ್ (ಕಮಾಂಡ್ ಓಡಿಸುವ ಶೆಲ್) ಬಂದಷ್ಟನ್ನು ಓಡಿಸಿಬಿಡುತ್ತದೆ. "ಆರ್‌ಎಂ -ಆರ್‌ಎಫ್ /ಆಪ್ಟ್/ಹೆಸರು" ಎಂಬ ಅಳಿಸುವ ಸಾಲು "/ಆಪ್ಟ್" (ಹೊರಗಿನ ಸಾಫ್ಟ್‌ವೇರ್ ಕೂರುವ ಫೋಲ್ಡರ್, ಆಪ್ಟ್ ಸಾಧನವಲ್ಲ) ಬಳಿ ತುಂಡಾದರೆ ಏನಾಗುತ್ತದೆ ಲೆಕ್ಕ ಹಾಕಿ. ಮೊದಲು -ಒ ಕೊಟ್ಟು ಫೈಲಿಗೆ ಇಳಿಸಿ, ಓದಿ, ಆ ಫೈಲನ್ನೇ ಓಡಿಸಿ. ಓದುವಾಗ ಕಣ್ಣು ಹುಡುಕಬೇಕಾದ್ದು: "ಟ್ರಸ್ಟೆಡ್=ಯೆಸ್" (ಸಹಿ ತಪಾಸಣೆ ಬಂದ್), "ಕರ್ಲ್ -ಕೆ" (ಸರ್ಟಿಫಿಕೇಟ್ ತಪಾಸಣೆ ಬಂದ್), "ನೋಪಾಸ್‌ವರ್ಡ್" ಅರ್ಥದ ಸುಡೊ ಸಾಲು, .ಬ್ಯಾಷ್‌ಆರ್‌ಸಿಗೆ (ಶೆಲ್ ತೆರೆದಾಗ ಓಡುವ ಫೈಲಿಗೆ) ಸೇರ್ಪಡೆ, ಮತ್ತು ಒಳಗಿನಿಂದ ಇನ್ನೊಂದು ಸ್ಕ್ರಿಪ್ಟ್ ಇಳಿಸುವ ಸಾಲು. ಕೊನೆಯದು ಸಿಕ್ಕರೆ ಅದನ್ನೂ ಇಳಿಸಿ ಓದಬೇಕು, ತಪ್ಪಿಸಿಕೊಳ್ಳುವಂತಿಲ್ಲ.

ಪಕ್ಕದಲ್ಲೇ ಶಾ256 ಕೊಟ್ಟಿದ್ದಾರೆ ಅಂತ ಸಮಾಧಾನ ಪಡಬೇಡಿ. ಫೈಲು ಬದಲಿಸಬಲ್ಲವನು ಅದರ ಪಕ್ಕದ ಹ್ಯಾಶನ್ನೂ ಬದಲಿಸಬಲ್ಲ. ಡೌನ್‌ಲೋಡ್ ಹಾಳಾಗಿದೆಯೇ ಎಂದು ತಿಳಿಯಲು ಅಷ್ಟೇ ಅದು.

ಬಿಚ್ಚಿನೋಡು:
ಒಪ್ಪಿದೆ, ಆದರೆ ಸಹಿಗೂ ಮಿತಿ ಇದೆ. 2024ರ ಮಾರ್ಚ್‌ನಲ್ಲಿ ಬಯಲಾದ ಎಕ್ಸ್‌ಝಡ್ (ಫೈಲು ಕುಗ್ಗಿಸುವ ಸಾಧನ) ಹಿಂಬಾಗಿಲು ನೆನಪಿಸಿಕೊಳ್ಳಿ. 5.6.0 ಮತ್ತು 5.6.1 ಆವೃತ್ತಿಗಳನ್ನು ಹೊರಬಿಟ್ಟದ್ದು ಆ ಯೋಜನೆಯ ನಿರ್ವಾಹಕರಲ್ಲೊಬ್ಬನೇ. ಸಹಿ ಯಾರದೆಂದು ಹೇಳೀತು, ಒಳಗೇನಿದೆ ಎಂದು ಹೇಳದು. ಹೊಸ ಆವೃತ್ತಿ ಬಂದ ದಿನವೇ ಹಾಕುವ ಆತುರ ಬೇಡ ಅನ್ನುವುದು ಅದಕ್ಕೇ.

ಹೊಸಪರದೆ:
ಧನ್ಯವಾದ. ಮತ್ತೆರಡು ವಿಷಯ. "ಲಾಕ್ ಸಿಗಲಿಲ್ಲ" ಎಂಬ ಎರರ್ ಬಂದರೆ ಲಾಕ್ ಫೈಲು ಅಳಿಸಬಹುದೇ? ಪಿಪ್ (ಪೈಥಾನ್ ಪ್ಯಾಕೇಜ್ ಸಾಧನ) ಇನ್‌ಸ್ಟಾಲ್ ಕೊಟ್ಟರೆ "ಎಕ್ಸ್‌ಟರ್ನಲಿ ಮ್ಯಾನೇಜ್ಡ್" ಎನ್ನುತ್ತಿದೆ, ಏನು ಮಾಡಲಿ?

ಮೂಲಬೇರು:
ಅಳಿಸಬೇಡಿ. ವಿಎಂ ಆನ್ ಆದ ಸ್ವಲ್ಪ ಹೊತ್ತಿಗೆ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ (ತಾನಾಗಿ ಅಪ್‌ಡೇಟ್ ಹಾಕುವ ಪ್ರೋಗ್ರಾಂ) ಓಡುತ್ತಿರುತ್ತದೆ, ಲಾಕ್ ಅದರದು. ಎರರ್‌ನಲ್ಲೇ ಪ್ರೊಸೆಸ್ ಸಂಖ್ಯೆ ಇರುತ್ತದೆ, ಅದು ಮುಗಿಯಲಿ. ಲಾಕ್ ಕಿತ್ತು ಇಬ್ಬರೂ ಒಟ್ಟಿಗೆ ಬರೆದರೆ ಡಿಪಿಕೆಜಿಯ ದಾಖಲೆಯೇ ಕಲಸಿಹೋದೀತು.

ಪಿಪ್‌ದು ದೋಷವಲ್ಲ, ಡೆಬಿಯನ್ 12ರಿಂದ ಬಂದ ಕಾವಲು. "ಪೈಥಾನ್3 -ಎಂ ವೆನ್ವ್" (ಪ್ರತ್ಯೇಕ ಪೈಥಾನ್ ಪರಿಸರ) ಮಾಡಿ ಅದರೊಳಗೆ ಹಾಕಿ, ಕಮಾಂಡ್ ರೂಪದ ಸಾಧನವಾದರೆ ಪಿಪ್‌ಎಕ್ಸ್. "--ಬ್ರೇಕ್-ಸಿಸ್ಟಮ್-ಪ್ಯಾಕೇಜಸ್" ಎಂಬ ಆಯ್ಕೆಗೆ ಆ ಹೆಸರಿಟ್ಟವರು ಸುಳ್ಳು ಹೇಳಿಲ್ಲ.

ಸಾಲುಸಾಲು:
ಹಾಕಿದ ಮೇಲೆ ಏನು ಬದಲಾಯಿತು ಎಂದು ನೋಡಲು ಮುಂಚೆಯೇ "ಟಚ್ /ರೂಟ್/ಗುರುತು" ಮಾಡಿಟ್ಟುಕೊಳ್ಳಿ. ಆಮೇಲೆ "ಫೈಂಡ್ / -ಎಕ್ಸ್‌ಡೆವ್ -ಸಿನ್ಯೂಯರ್ /ರೂಟ್/ಗುರುತು". ಬರೀ -ನ್ಯೂಯರ್ ಹಾಕಿದರೆ ಮೋಸ ಹೋಗುತ್ತೀರಿ, ಡಿಪಿಕೆಜಿ ಫೈಲುಗಳಿಗೆ ಪ್ಯಾಕೇಜ್ ಕಟ್ಟಿದ ದಿನದ ಹಳೆಯ ತಾರೀಕನ್ನೇ ಉಳಿಸುತ್ತದೆ. ಹೊಸದಾಗಿ ತೆರೆದ ಪೋರ್ಟ್‌ಗೆ "ಎಸ್‌ಎಸ್ -ಟಿಯುಎಲ್‌ಪಿಎನ್", ಹೊಸ ಟೈಮರ್‌ಗೆ "ಸಿಸ್ಟಮ್‌ಸಿಟಿಎಲ್ ಲಿಸ್ಟ್-ಟೈಮರ್ಸ್".

ತೆಗೆಯುವಾಗ "ಆಪ್ಟ್ ಪರ್ಜ್" ಕೊಟ್ಟರೂ ನೀವು ಕೈಯಾರೆ ಸೇರಿಸಿದ ಸೋರ್ಸಸ್ ಫೈಲು, ಕೀ, ಪಿನ್ ಮೂರೂ ಅಲ್ಲೇ ಕೂತಿರುತ್ತವೆ. ಮೂರನ್ನೂ ಅಳಿಸಿ ಇನ್ನೊಮ್ಮೆ ಆಪ್ಟ್ ಅಪ್‌ಡೇಟ್ ಕೊಡಿ.